ಮನೋವ್ಯಥೆಗೆ ಆಸರೆಯೆಲ್ಲಿ?

ಮಹಾಮಾರಿಯೊಂದು ದೇಶದ ಮೇಲೆ ಬಂದೆರಗಿದಾಗ ಸರಕಾರದವರು ಎಣಿಕೆಯಲ್ಲಿ ತೊಡಗುವುದು ಸಹಜವಾದುದೇ. ರೋಗಿಗಳ ಸಂಖ್ಯೆಯೇನು, ಆಸ್ಪತ್ರೆಯ ಹಾಸಿಗೆಗಳೆಷ್ಟು, ಆಮ್ಲಜನಕದ ಸಿಲಿಂಡರುಗಳೆಷ್ಟು, ಸತ್ತವರೆಷ್ಟು ಮಂದಿ ಎಂಬ ಲೆಕ್ಕಗಳು ದಿನವೂ ಪ್ರಕಟವಾಗುತ್ತವೆ. ಆದರೆ ಈ ಯಾವ ಎಣಿಕೆಗೂ ಸಿಕ್ಕದೆ ಉಳಿಯುವ ನಷ್ಟವೊಂದುಂಟು. ಅದು ಜನರ ಮನಸ್ಸಿಗೆ ಒದಗುವ ನಷ್ಟ. ಕೋವಿಡ್ ರೋಗವು ವಿಶ್ವದ ತುರ್ತುಪರಿಸ್ಥಿತಿಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ ತಿಂಗಳಿನಲ್ಲಿ ಸಾರಿತು. ದೇಹದ ರೋಗವು ಇಳಿಮುಖವಾಯಿತು; ಮನಸ್ಸಿನ ಗಾಯವು ಮಾತ್ರ ಯಾವ ಪ್ರಕಟನೆಯಿಂದಲೂ ಮಾಯುವಂತಹದಲ್ಲ. ಮುಂದೆ ಇಂತಹ ಮತ್ತೊಂದು ವಿಪತ್ತು ಬಂದಲ್ಲಿ ನೊಂದ ಮನುಷ್ಯನು ಯಾರ ಬಾಗಿಲನ್ನು ತಟ್ಟಬೇಕು, ತಟ್ಟಿದರೆ ಬಾಗಿಲು ತೆರೆಯುವುದೆ ಎಂಬುದನ್ನು ಶಾಂತಿಕಾಲದಲ್ಲಿಯೇ ವಿಚಾರಿಸಬೇಕಾಗಿದೆ.

ನಡೆದುದನ್ನು ಒಮ್ಮೆ ನೆನೆಯೋಣ. ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊತ್ತಮೊದಲನೆಯ ಮರಣವು 2020ರ ಮಾರ್ಚ್ ತಿಂಗಳಿನಲ್ಲಿ ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಅದೇ ತಿಂಗಳ 25ರಿಂದ ದೇಶವೆಲ್ಲವೂ ಬೀಗ ಹಾಕಿದ ಮನೆಯಂತಾಯಿತು. ನಮ್ಮ ಹಿರಿಯರು ಪ್ಲೇಗಿನ ದಿನಗಳನ್ನು ಕಂಡಿದ್ದರು. ಆಗ ಊರನ್ನು ಬಿಟ್ಟ ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ಕಷ್ಟದಲ್ಲಿಯೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕಾಲ ಕಳೆದರು. ಈ ಸಲವಾದರೋ ಮನುಷ್ಯನು ತನ್ನ ಮನೆಯೊಳಗೇ ಒಂಟಿಯಾದನು. ಕೂಲಿಕಾರನಿಗೆ ದಿನದ ಗಳಿಕೆ ನಿಂತಿತು. ವಿದ್ಯಾರ್ಥಿಗೆ ಶಾಲೆ ತಪ್ಪಿತು. ಪರಊರಿನಲ್ಲಿದ್ದ ಮಗನಿಗೆ ತಾಯಿಯ ಬಳಿಗೆ ಹೋಗುವ ದಾರಿ ಮುಚ್ಚಿತು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಎದ್ದ ಎರಡನೆಯ ಅಲೆಯಲ್ಲಿ ಸತ್ತವರ ಮುಖವನ್ನು ಕಡೆಯ ಸಲ ನೋಡುವ ಭಾಗ್ಯವೂ ಅನೇಕರಿಗೆ ಲಭಿಸಲಿಲ್ಲ. ಸ್ಮಶಾನಗಳಲ್ಲಿ ಸ್ಥಳ ಸಾಲದೆ, ಸ್ವಂತ ಜಮೀನಿನಲ್ಲಿಯೇ ಸಂಸ್ಕಾರ ಮಾಡಬಹುದೆಂದು ರಾಜ್ಯ ಸರಕಾರವು ಅಪ್ಪಣೆ ಕೊಡಬೇಕಾಯಿತು. ಯಾರೂ ಬಂದು ಕೇಳದೆ ಉಳಿದ ನೂರಾರು ಜನರ ಚಿತಾಭಸ್ಮವನ್ನು ಸರಕಾರದ ವತಿಯಿಂದಲೇ ಕಾವೇರಿಯಲ್ಲಿ ವಿಸರ್ಜಿಸಲಾಯಿತು. ಅಳುವುದಕ್ಕೂ ಒಂದು ಜಾಗ, ಒಂದು ವಿಧಿ, ನಾಲ್ಕು ಜನರ ಹೆಗಲು ಬೇಕು. ಅದು ದೊರೆಯದೆ ಒಳಗೇ ಉಳಿದ ದುಃಖವು ವ್ಯಾಧಿಯಾಗಿ ಪರಿಣಮಿಸಿದರೆ ಆಶ್ಚರ್ಯವೇನು?

ಇದು ಬರಿಯ ಊಹೆಯಲ್ಲ. ಸಾಂಕ್ರಾಮಿಕದ ಮೊದಲನೆಯ ವರ್ಷದಲ್ಲಿ ಆತಂಕ ಮತ್ತು ಖಿನ್ನತೆಯ ರೋಗಗಳು ಪ್ರಪಂಚದಲ್ಲಿ ನೂರಕ್ಕೆ 25ರಷ್ಟು ಹೆಚ್ಚಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ತಿಳಿಸಿತು. ನಮ್ಮ ದೇಶದ ಅಪರಾಧ ದಾಖಲೆಗಳ ಕಚೇರಿಯ ಲೆಕ್ಕದಂತೆ 2019ರಲ್ಲಿ 1,39,123 ಮಂದಿ ಆತ್ಮಹತ್ಯೆಯಿಂದ ಮಡಿದರು. 2020ರಲ್ಲಿ ಈ ಸಂಖ್ಯೆಯು 1,53,052ಕ್ಕೂ, 2021ರಲ್ಲಿ 1,64,033ಕ್ಕೂ ಏರಿತು. 2021ರಲ್ಲಿ ಹೀಗೆ ಪ್ರಾಣ ಕಳೆದುಕೊಂಡವರ ಪೈಕಿ ನಾಲ್ವರಲ್ಲಿ ಒಬ್ಬರು ದಿನಗೂಲಿಯವರು. ಈ ಹೆಚ್ಚಳವೆಲ್ಲವನ್ನೂ ಮಹಾಮಾರಿಯ ತಲೆಗೇ ಕಟ್ಟುವುದು ನ್ಯಾಯವಾಗದು. ಸಾಲ, ಕೌಟುಂಬಿಕ ಕಲಹ, ದೇಹದ ವ್ಯಾಧಿಗಳು ಮೊದಲೂ ಇದ್ದುವು. ಆದರೆ ಸಂಕಟವು ಹೆಚ್ಚಿದ ಕಾಲದಲ್ಲಿಯೇ ಆಸರೆಯ ಬಾಗಿಲುಗಳು ಮುಚ್ಚಿದ್ದುವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆ ಬಾಗಿಲುಗಳಾದರೂ ಎಷ್ಟಿದ್ದುವು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು ದೇಶದ ವಯಸ್ಕರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಮಂದಿ ಒಂದಿಲ್ಲೊಂದು ಮಾನಸಿಕ ಕಾಯಿಲೆಯಿಂದ ನರಳುತ್ತಿರುವರೆಂದೂ, ರೋಗದ ಬಗೆಯನ್ನನುಸರಿಸಿ ನೂರಕ್ಕೆ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ಮುಟ್ಟಿಲ್ಲವೆಂದೂ ತೋರಿಸಿಕೊಟ್ಟಿತ್ತು. ಲಕ್ಷ ಜನರಿಗೆ ಮೂವರಾದರೂ ಮನೋವೈದ್ಯರು ಬೇಕೆಂದು ತಜ್ಞರು ಹೇಳುವಲ್ಲಿ ನಮಗೆ ಒಬ್ಬರೂ ಪೂರ್ತಿಯಾಗಿ ದೊರೆಯುವುದಿಲ್ಲ. ಇದ್ದವರಲ್ಲಿಯೂ ಬಹುಮಂದಿ ನಗರವಾಸಿಗಳು. ಹಳ್ಳಿಯ ರೋಗಿಯು ರಾತ್ರಿಯ ಬಸ್ಸನ್ನೇರಿ ಬೆಂಗಳೂರಿಗೋ ಧಾರವಾಡಕ್ಕೋ ಬಂದು, ತಿಂಗಳಿಗಾಗುವಷ್ಟು ಮಾತ್ರೆಗಳನ್ನು ಕಟ್ಟಿಸಿಕೊಂಡು ಹೋಗುವುದು ವಾಡಿಕೆ. ಬಸ್ಸುಗಳು ನಿಂತೊಡನೆ ಆ ಮಾತ್ರೆಯೂ ನಿಂತಿತು. ಇಂತಹ ರೋಗಗಳಲ್ಲಿ ಔಷಧವು ನಡುವೆ ತಪ್ಪಿದರೆ, ವರ್ಷಗಳ ಶ್ರಮದಿಂದ ಹತೋಟಿಗೆ ಬಂದ ಕಾಯಿಲೆಯು ಮರುಕಳಿಸುವುದೆಂಬುದನ್ನು ರೋಗಿಯ ಮನೆಯವರು ಬಲ್ಲರು.

ಮದ್ಯದ ವಿಷಯದಲ್ಲಿಯೂ ಇದೇ ಅವಿವೇಕವು ಕಂಡುಬಂದಿತು. ಅಂಗಡಿಗಳನ್ನು ಒಮ್ಮೆಗೇ ಮುಚ್ಚಿದುದು ನೀತಿಯ ದೃಷ್ಟಿಯಿಂದ ಕೆಲವರಿಗೆ ಹಿತವಾಗಿ ತೋರಿರಬಹುದು. ಆದರೆ ಬಹುಕಾಲದಿಂದ ಕುಡಿತಕ್ಕೆ ದಾಸನಾದವನಿಗೆ ಅದು ಥಟ್ಟನೆ ತಪ್ಪಿದರೆ ನಡುಕ, ಸೆಳವು, ಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯ ಬರಬಹುದು. ಇದು ವೈದ್ಯರ ಚಿಕಿತ್ಸೆಗೆ ಒಳಪಟ್ಟ ವಿಷಯ. ಕೇರಳದ ಸರಕಾರವು ವೈದ್ಯರ ಚೀಟಿಯ ಮೇಲೆ ಮದ್ಯವನ್ನೇ ಕೊಡಿಸಲು ಹೊರಟಿತು. 2020ರ ಏಪ್ರಿಲಿನಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತಡೆಯಿತು. ಮದ್ಯ ಕೊಡಬೇಕೆ ಬೇಡವೆ ಎಂಬ ವಾದದಲ್ಲಿ, ತಾಲೂಕಿನ ಆಸ್ಪತ್ರೆಯಲ್ಲಿ ಇದಕ್ಕೆ ತಕ್ಕ ಔಷಧವೂ ಅದನ್ನು ಕೊಡಬಲ್ಲ ವೈದ್ಯನೂ ಇರಬೇಕೆಂಬ ಮುಖ್ಯವಾದ ಮಾತು ಹಿಂದೆ ಬಿದ್ದಿತು.

ಇಷ್ಟಾದರೂ ಏನೂ ನಡೆಯಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ನಿವಾರಣೆಯ ಕಾರ್ಯವನ್ನು ನಡೆಸುವ ಸಲುವಾಗಿ ದೂರವಾಣಿಯ ತಂತಿಗಳನ್ನು ಎಳೆಯಲಾಗಿತ್ತು. 2020ರಲ್ಲಿಯೂ ದೂರವಾಣಿಯೇ ನೆರವಿಗೆ ಬಂದಿತು. ಆದರೆ ಈ ಸಲ ಅಧಿಕಾರಿಯು ಅಧಿಕಾರಿಯೊಡನೆ ಮಾತನಾಡುವುದಕ್ಕಾಗಿ ಮಾತ್ರವಲ್ಲ, ನೊಂದವನು ಬಲ್ಲವನೊಡನೆ ಮಾತನಾಡುವುದಕ್ಕಾಗಿ. ಮಾರ್ಚ್ ತಿಂಗಳಿನಲ್ಲಿಯೇ ದೂರವೈದ್ಯಕ್ಕೆ ಸಂಬಂಧಿಸಿದ ನಿಯಮಗಳನ್ನು ಕೇಂದ್ರ ಸರಕಾರವು ಪ್ರಕಟಿಸಿತು. ನಿಮ್ಹಾನ್ಸಿನವರು ಮನಸ್ಸಿನ ನೆರವಿಗಾಗಿ ದೂರವಾಣಿಯ ಸೇವೆಯನ್ನು ತೆರೆದರು. ಈ ಅನುಭವದ ಫಲವಾಗಿ 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ಸೇವೆಯು ದೇಶದಲ್ಲಿ ಆರಂಭವಾಯಿತು. ಇದರ ಸಂಖ್ಯೆ 14416. ಹಗಲಿರುಳೂ ಇದು ಉಚಿತ. ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಮಾತನಾಡಬಹುದು. ಕರೆ ಮಾಡಿದವರ ಮಾತನ್ನು ಮೊದಲು ತರಬೇತಿ ಹೊಂದಿದ ಆಪ್ತಸಲಹೆಗಾರರು ಕೇಳುತ್ತಾರೆ. ಅವರಿಂದ ಆಗದಿದ್ದಲ್ಲಿ ಮನೋವೈದ್ಯರಿಗೆ ಒಪ್ಪಿಸುತ್ತಾರೆ. ಅದರಿಂದಲೂ ತೀರದಿದ್ದಲ್ಲಿ ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ. ಈವರೆಗೆ 20 ಲಕ್ಷಕ್ಕೂ ಮಿಕ್ಕಿದ ಕರೆಗಳು ಬಂದಿರುವುದೇ ಈ ಸೇವೆಯ ಅಗತ್ಯಕ್ಕೆ ಸಾಕ್ಷಿ.

ಆದರೆ ನಾವು ಒತ್ತಿ ಹೇಳಬೇಕಾದ ಮಾತು ಇಲ್ಲಿಯೇ ಇದೆ. ದೂರವಾಣಿಯು ಸೇತುವೆ ಮಾತ್ರ. ಸೇತುವೆಯ ಆಚೆಯ ದಡವು ತಾಲೂಕಿನ ಆಸ್ಪತ್ರೆ. ಧೈರ್ಯದ ಎರಡು ಮಾತುಗಳಿಂದ ಚೇತರಿಸಿಕೊಳ್ಳುವವರು ಹಲವರಿರಬಹುದು. ಅವರ ಪಾಲಿಗೆ ದೂರವಾಣಿಯೇ ಸಂಜೀವಿನಿ. ಕಠಿನವಾದ ಕಾಯಿಲೆಯುಳ್ಳವನಿಗಾದರೋ ಮಾತ್ರೆಯನ್ನು ತಂತಿಯ ಮೂಲಕ ಕಳಿಸುವಂತಿಲ್ಲ. ಮತ್ತು ತರತಕ್ಕ ಕೆಲವು ಬಗೆಯ ಔಷಧಗಳನ್ನು ದೂರದಿಂದ ಬರೆದುಕೊಡಲು 2020ರ ನಿಯಮಗಳೇ ಎಡೆಗೊಡುವುದಿಲ್ಲ. ಅದು ಯೋಗ್ಯವಾದ ಎಚ್ಚರಿಕೆಯೇ. ಆದುದರಿಂದ ‘ಹತ್ತಿರದ ಆಸ್ಪತ್ರೆಗೆ ಹೋಗಿರಿ’ ಎಂದು ಸಲಹೆಗಾರರು ಹೇಳಿದಾಗ, ಆ ಹತ್ತಿರದ ಆಸ್ಪತ್ರೆಯು ಎಂತಹ ಸ್ಥಿತಿಯಲ್ಲಿದೆಯೆಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಇದು ನಮ್ಮಿಂದ ಆಗದ ಕೆಲಸವೂ ಅಲ್ಲ, ನಮಗೆ ಹೊಸತೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಪ್ರಾಥಮಿಕ ಆರೋಗ್ಯಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ಶಿಕ್ಷಣವನ್ನಿತ್ತು, ಅವಶ್ಯವಾದ ಕೆಲವೇ ಔಷಧಗಳನ್ನು ಅಲ್ಲಿ ಇರಿಸಿ, ಮನೋರೋಗಿಗಳನ್ನು ಅವರ ಊರಿನ ಸಮೀಪದಲ್ಲಿಯೇ ಗುರುತಿಸಿ ಚಿಕಿತ್ಸೆ ಮಾಡಬಹುದೆಂದು ತೋರಿಸಿದರು. ಆ ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಹುಟ್ಟಿಕೊಂಡಿತು. ನಮ್ಮ ರಾಜ್ಯದಲ್ಲಿ ಮನೋಚೈತನ್ಯವೆಂಬ ಹೆಸರಿನಿಂದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಚಿಕಿತ್ಸಾಲಯಗಳೂ ಆರಂಭವಾದುವು. ದೇಶಕ್ಕೆ ದಾರಿಯನ್ನು ತೋರಿಸಿದ ಕನ್ನಡನಾಡು, ತನ್ನ ತಾಲೂಕುಗಳಲ್ಲಿ ಆ ದಾರಿಯು ಹುಲ್ಲು ಬೆಳೆದು ಮುಚ್ಚಿಹೋಗದಂತೆ ನೋಡಿಕೊಳ್ಳಬೇಡವೆ?

ಕಾನೂನಿನ ಬೆಂಬಲವೂ ಇದೆ. 2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯು ಸರಕಾರ ನಡೆಸುವ ಇಲ್ಲವೆ ಧನಸಹಾಯ ಕೊಡುವ ಸೇವೆಗಳಿಂದ ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ. ಆತ್ಮಹತ್ಯೆಗೆ ಯತ್ನಿಸಿದವನನ್ನು ಅಪರಾಧಿಯೆಂದೆಣಿಸದೆ, ತೀವ್ರವಾದ ಮಾನಸಿಕ ಒತ್ತಡಕ್ಕೆ ಸಿಲುಕಿದವನೆಂದು ಭಾವಿಸಿ ಆರೈಕೆ ಮಾಡುವ ಹೊಣೆಯನ್ನು ಅದು ಸರಕಾರದ ಮೇಲೆಯೇ ಹೊರಿಸಿದೆ. ಹಕ್ಕೆಂದು ಕಾಯಿದೆಯಲ್ಲಿ ಬರೆದುದನ್ನು ಮಹಾಮಾರಿಯ ನೆಪದಿಂದ ಬದಿಗಿಡುವಂತಿಲ್ಲ. ಹಕ್ಕು ಬೇಕಾಗುವುದು ಕಷ್ಟಕಾಲದಲ್ಲಿಯೇ ಅಲ್ಲವೆ?

ಹೀಗಿರುವಲ್ಲಿ ಅಧಿಕಾರಿವರ್ಗದವರ ಮುಂದೆ ನಾವು ಇಡುವ ಸೂಚನೆಗಳು ನಾಲ್ಕು. ಮೊದಲನೆಯದಾಗಿ, 14416 ಎಂಬ ಸಂಖ್ಯೆಯನ್ನು ಪ್ರತಿಯೊಂದು ಬಸ್ ನಿಲ್ದಾಣ, ನ್ಯಾಯಬೆಲೆ ಅಂಗಡಿ, ಶಾಲೆ, ಗ್ರಾಮ ಪಂಚಾಯತಿಗಳ ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ಬರೆಯಿಸತಕ್ಕದ್ದು. ಗೊತ್ತಿಲ್ಲದ ಬಾಗಿಲು ಮುಚ್ಚಿದ ಬಾಗಿಲಿಗೆ ಸಮಾನ. ಎರಡನೆಯದಾಗಿ, ಮನೋರೋಗದ ಔಷಧಗಳನ್ನು ಅತ್ಯವಶ್ಯಕ ವಸ್ತುಗಳಂತೆ ಪರಿಗಣಿಸಿ, ಮೂರು ತಿಂಗಳಿಗಾಗುವಷ್ಟನ್ನು ತಾಲೂಕು ಆಸ್ಪತ್ರೆಗಳಲ್ಲಿ ಸದಾ ಸಂಗ್ರಹಿಸಿಡತಕ್ಕದ್ದು. ಸಂಚಾರ ನಿಂತ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ರೋಗಿಯ ಮನೆಗೆ ಮುಟ್ಟಿಸುವ ಏರ್ಪಾಡನ್ನು ಈಗಲೇ ಮಾಡಿಡತಕ್ಕದ್ದು. ಮೂರನೆಯದಾಗಿ, ಪ್ರತಿ ಜಿಲ್ಲೆಯ ವಿಪತ್ತು ನಿರ್ವಹಣೆಯ ಯೋಜನೆಯಲ್ಲಿ ಮಾನಸಿಕ ನೆರವಿನ ಅಧ್ಯಾಯವೊಂದನ್ನು ಸೇರಿಸಿ, ಅದಕ್ಕೆ ಹೊಣೆಯಾದ ಅಧಿಕಾರಿ ಯಾರೆಂಬುದನ್ನು ಸ್ಪಷ್ಟಪಡಿಸತಕ್ಕದ್ದು. ನಾಲ್ಕನೆಯದಾಗಿ, ರೋಗಿಗಳನ್ನು ಉಪಚರಿಸಿದ ದಾದಿಯರು, ಆಶಾ ಕಾರ್ಯಕರ್ತೆಯರು, ಪೌರಕಾರ್ಮಿಕರು, ಪೊಲೀಸರು ಇವರೂ ಮನುಷ್ಯರೇ ಎಂಬುದನ್ನು ಮರೆಯಬಾರದು. ಅವರ ಮೇಲೆ ಹೂಮಳೆ ಸುರಿದುದು ಸಂತೋಷವೇ; ಆದರೆ ಹೂವಿಗಿಂತ ಅವರಿಗೆ ಬೇಕಾದುದು ವಿಶ್ರಾಂತಿ, ಸಕಾಲದ ಸಂಬಳ, ಮತ್ತು ತಮ್ಮ ದುಃಖವನ್ನು ಹೇಳಿಕೊಳ್ಳಲು ಒಂದು ಸ್ಥಳ.

ಎಲ್ಲ ಭಾರವನ್ನೂ ಸರಕಾರದ ಮೇಲೆಯೇ ಹಾಕಿ ಮಹಾಜನರು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ. ಜ್ವರ ಬಂದವನನ್ನು ವೈದ್ಯರಲ್ಲಿಗೆ ಕರೆದೊಯ್ಯುವ ನಾವು, ಮನಸ್ಸು ಕೆಟ್ಟವನನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಡುತ್ತೇವೆ. ಮಗಳ ಮದುವೆಗೆ ತೊಡಕಾದೀತೆಂದೂ, ನಾಲ್ಕು ಜನರು ಆಡಿಕೊಂಡಾರೆಂದೂ ಹೆದರಿ ರೋಗವು ಬಲಿಯುವವರೆಗೆ ಸುಮ್ಮನಿರುತ್ತೇವೆ. ಕೋವಿಡ್ ತಗುಲಿದ ಮನೆಯವರನ್ನು ನೆರೆಹೊರೆಯವರು ದೂರ ಮಾಡಿದ ನಿದರ್ಶನಗಳು ಎಲ್ಲರಿಗೂ ತಿಳಿದವೇ ಆಗಿವೆ. ರೋಗಿಯಿಂದ ದೂರವಿರಬೇಕೆಂದು ವೈದ್ಯರು ಹೇಳಿದರು, ನಿಜ. ರೋಗಿಯೊಡನೆ ಮಾತು ಬಿಡಬೇಕೆಂದು ಯಾವ ವೈದ್ಯರೂ ಹೇಳಲಿಲ್ಲ. ನಿದ್ದೆಯಿಲ್ಲದೆ ಕೊರಗುವವನು, ಊಟ ಬಿಟ್ಟವನು, ಬದುಕು ಬೇಡವೆಂದು ಆಡುವವನು ನಮ್ಮ ಮನೆಯಲ್ಲಾಗಲಿ ಪಕ್ಕದ ಮನೆಯಲ್ಲಾಗಲಿ ಕಂಡುಬಂದರೆ, ಅವನ ಮಾತನ್ನು ಹಗುರಾಗಿ ತಳ್ಳಿಹಾಕದೆ, ಉಪದೇಶ ಮಾಡದೆ, ಬಳಿಯಲ್ಲಿ ಕುಳಿತು ಕೇಳುವುದೂ, ಅವನ ಜೊತೆಯಲ್ಲಿಯೇ ಕುಳಿತು ಆ ಸಂಖ್ಯೆಗೆ ಕರೆ ಮಾಡುವುದೂ, ಆಸ್ಪತ್ರೆಗೆ ಜೊತೆಗೂಡಿ ಹೋಗುವುದೂ ಓದುಬರಹ ಬಲ್ಲ ಪ್ರತಿಯೊಬ್ಬನ ಕರ್ತವ್ಯ.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ನಮ್ಮಲ್ಲಿ ಹಳೆಯದು. ಮನೋವ್ಯಥೆಯ ವಿಷಯದಲ್ಲಿ ಮಾಡಬೇಕಾದುದು ಇದಕ್ಕೆ ವಿರುದ್ಧವಾದ ಕೆಲಸ: ಊರು ಮುಚ್ಚುವ ಕಾಲ ಬರುವುದಕ್ಕೆ ಮುಂಚೆಯೇ ಮುಚ್ಚದಿರುವ ಬಾಗಿಲೊಂದನ್ನು ತಾಲೂಕು ತಾಲೂಕಿನಲ್ಲಿಯೂ ತೆರೆದಿಡುವುದು. ಮುಂದಿನ ಮಹಾಮಾರಿಯು ಯಾವಾಗ ಬರುವುದೋ ಯಾರೂ ಹೇಳಲಾರರು. ಆದರೆ ಅದು ಬಂದ ದಿನ, ಕತ್ತಲೆಯ ಕೋಣೆಯಲ್ಲಿ ಒಂಟಿಯಾಗಿ ಕುಳಿತವನೊಬ್ಬನು ಕರೆ ಮಾಡಿದರೆ ಆಚೆಯಿಂದ ಕನ್ನಡದ ದನಿಯೊಂದು ಓಗೊಡುವುದೆ, ಆ ದನಿಯ ಹಿಂದೆ ಅವನ ತಾಲೂಕಿನ ವೈದ್ಯನೂ ಔಷಧವೂ ಸಿದ್ಧವಾಗಿರುವುವೆ ಎಂಬ ಪ್ರಶ್ನೆಗೆ ಉತ್ತರವನ್ನು ಇಂದೇ ಕೊಡಬೇಕಾದವರು ನಾವು.