ಮುಂದೂಡಿದ ರಿಪೇರಿ

ಈ ವಾರದ ಹಡಗು ಬ್ರಿಟನ್ನಿನ ‘ಎಚ್‌ಎಂಎಸ್ ಹುಡ್’. 262 ಮೀಟರ್ ಉದ್ದ, 15 ಇಂಚಿನ ಎಂಟು ಫಿರಂಗಿ. 1920ರಲ್ಲಿ ನೌಕಾಪಡೆ ಸೇರಿದಾಗ ಜಗತ್ತಿನಲ್ಲೇ ಅತಿ ದೊಡ್ಡ ಯುದ್ಧನೌಕೆ. ‘ಮೈಟಿ ಹುಡ್’ ಅಂತಲೇ ಜನ ಕರೀತಿದ್ರು.

ಇದರ ತೊಂದರೆ ಹುಟ್ಟಿನಲ್ಲೇ ಇತ್ತು. 1916ರ ಮೇ 31ರಂದು ಜಟ್ಲೆಂಡ್ ಕದನದಲ್ಲಿ ಬ್ರಿಟನ್ನಿನ ಮೂರು ಬ್ಯಾಟಲ್‌ಕ್ರೂಸರ್‌ಗಳು ಸ್ಫೋಟಿಸಿ ಮುಳುಗಿದವು. ಆ ಪಾಠ ಕಲಿತು ಹುಡ್‌ನ ನಕ್ಷೆಗೆ ಸುಮಾರು 5,000 ಟನ್ ಉಕ್ಕಿನ ಕವಚ ಸೇರಿಸಿದರು. ಪಕ್ಕೆಗೆ 12 ಇಂಚು ದಪ್ಪದ ಕವಚ ಬಂತು. ಡೆಕ್‌ಗೆ ಮಾತ್ರ ತೆಳು ತೆಳು ಪದರಗಳೇ ಗತಿ.

ಡೆಕ್ ದಪ್ಪ ಯಾಕಿರಬೇಕು ಅಂತೀರಾ? ಹತ್ತಿರದಿಂದ ಹೊಡೆದ ಗುಂಡು ಹಡಗಿನ ಪಕ್ಕೆಗೆ ಬಡಿಯುತ್ತೆ. ಇಪ್ಪತ್ತು ಕಿಲೋಮೀಟರ್ ಆಚೆಯಿಂದ ಬಂದದ್ದು ಮೇಲೇರಿ, ಇಳಿಜಾರಾಗಿ ನೆತ್ತಿ ಮೇಲೆ ಬೀಳುತ್ತೆ. ಫಿರಂಗಿಗಳ ವ್ಯಾಪ್ತಿ ಹೆಚ್ಚಿದಂತೆ ಹಳೆ ಹಡಗುಗಳ ಡೆಕ್ ಸಾಲದಾಯಿತು. ಇದು ನೌಕಾಪಡೆಗೂ ಗೊತ್ತಿತ್ತು. 1941ರಲ್ಲಿ ಹುಡ್ ಅನ್ನು ಪೂರ್ತಿ ನವೀಕರಿಸುವ ಯೋಜನೆಯೂ ಇತ್ತು. ಅಷ್ಟರಲ್ಲಿ 1939ರ ಯುದ್ಧ ಬಂತು. ಇಂಥ ಹಡಗನ್ನು ವರ್ಷಗಟ್ಟಲೆ ರಿಪೇರಿಗೆ ನಿಲ್ಲಿಸೋ ಹಾಗಿರಲಿಲ್ಲ.

1941ರ ಮೇ 24ರ ಬೆಳಗ್ಗೆ, ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯಲ್ಲಿ ಜರ್ಮನಿಯ ಬಿಸ್ಮಾರ್ಕ್ ಎದುರಾಯಿತು. ವೈಸ್ ಅಡ್ಮಿರಲ್ ಹಾಲೆಂಡ್ ಶತ್ರುವಿನ ಹತ್ತಿರಕ್ಕೆ ನುಗ್ಗಿಸಿದರು. ದೂರ ಕಮ್ಮಿಯಾದಷ್ಟೂ ಗುಂಡು ಮೇಲಿಂದ ಬೀಳೋದು ಕಮ್ಮಿ ಅನ್ನೋ ಲೆಕ್ಕ ಇದರ ಹಿಂದಿತ್ತು ಅಂತ ಇತಿಹಾಸಕಾರರು ಹೇಳ್ತಾರೆ. ಕದನ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಹಿಂಭಾಗದ ಮದ್ದಿನ ಕೋಣೆ ಸಿಡಿಯಿತು. ಮೂರೇ ನಿಮಿಷದಲ್ಲಿ ಹಡಗು ಮುಳುಗಿತು. 1,418 ಜನರಲ್ಲಿ ಬದುಕಿದವರು ಮೂವರು. ಅವರಲ್ಲಿ ಟೆಡ್ ಬ್ರಿಗ್ಸ್‌ಗೆ ಆಗಿನ್ನೂ 18 ವರ್ಷ.

ಗುಂಡು ಡೆಕ್ ಸೀಳಿ ಬಂತೋ, ಪಕ್ಕೆಯ ಕವಚದ ಕೆಳಗಿನಿಂದ ನುಗ್ಗಿತೋ ಅನ್ನೋ ಚರ್ಚೆ ಇನ್ನೂ ಇದೆ. ಹಾಗಾಗಿ ರಿಪೇರಿ ಆಗಿದ್ದರೆ ಹುಡ್ ಉಳೀತಿತ್ತು ಅಂತ ಖಡಾಖಂಡಿತ ಹೇಳೋಕಾಗಲ್ಲ. ಆದರೆ ನಮ್ಮ ಸಾಫ್ಟ್‌ವೇರ್‌ನಲ್ಲಿ ‘ಮುಂದಿನ ರಿಲೀಸ್‌ನಲ್ಲಿ ನೋಡೋಣ’ ಅಂತ ಬಿಟ್ಟ ಕೆಲಸ ಕೈಕೊಟ್ಟರೆ ರಾತ್ರಿ ಫೋನ್ ಬರುತ್ತೆ, ಅಷ್ಟೆ. ಹುಡ್‌ನಲ್ಲಿ ಆ ಬಾಕಿಯ ಮೇಲೆಯೇ 1,418 ಜನರನ್ನು ಹತ್ತಿಸಿ ಕಳಿಸಿದ್ದರು.

ಹುಡ್‌ನ ಗಂಟೆಯನ್ನು 2015ರಲ್ಲಿ ಸಮುದ್ರದ ತಳದಿಂದ ಮೇಲೆತ್ತಿದರು. ಈಗ ಅದು ಪೋರ್ಟ್ಸ್‌ಮತ್‌ನ ಮ್ಯೂಸಿಯಂನಲ್ಲಿದೆ. ಆ ಕಡೆ ಹೋದರೆ ನೋಡಿ ಬನ್ನಿ.