ರಕ್ತ ಹೋಗುತ್ತಿರುವವಳನ್ನು ಬರಿಗೈಯಲ್ಲಿ ಕಳಿಸಬೇಡಿ

ಗರ್ಭ ತಡೆಯುವ ‘ಅಂತರಾ’ ಚುಚ್ಚುಮದ್ದು ಒಳ್ಳೆಯದೇ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಂಡರೆ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಸು ಕೊಡಬೇಕಿಲ್ಲ, ದಿನವೂ ಮಾತ್ರೆ ನೆನಪಿಡಬೇಕಿಲ್ಲ. ಆದರೆ ಮೊದಲ ತಿಂಗಳುಗಳಲ್ಲಿ ಎಷ್ಟೋ ಹೆಂಗಸರಿಗೆ ಮುಟ್ಟು ಹದ ತಪ್ಪುತ್ತದೆ. ಮದ್ದಿನ ಹಾರ್ಮೋನಿಗೆ ಗರ್ಭಕೋಶದ ಒಳಪದರ ತೆಳುವಾಗಿ, ಅಲ್ಲಿನ ಸಣ್ಣ ರಕ್ತನಾಳಗಳು ಬೇಗ ಒಡೆಯುವಂತಾಗಿ, ಹೊತ್ತುಗೊತ್ತಿಲ್ಲದೆ ಸ್ರಾವವಾಗುತ್ತದೆ. ಬಹಳ ಮಂದಿಗೆ ಅದು ಬರಬರುತ್ತಾ ಕಡಿಮೆಯಾಗುತ್ತದೆ; ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ ಮುಟ್ಟೇ ನಿಲ್ಲುತ್ತದೆ, ಅದರಿಂದ ಕೇಡಿಲ್ಲ. ಇಷ್ಟನ್ನು ಸೂಜಿ ಚುಚ್ಚುವ ಮೊದಲೇ ಹೇಳಬೇಡವೇ?

ವೈದ್ಯರೇ, ನರ್ಸಮ್ಮಂದಿರೇ, “ಇದೆಲ್ಲ ಮಾಮೂಲಿ, ಹೋಗಮ್ಮ” ಅನ್ನುವುದು ಚಿಕಿತ್ಸೆಯಲ್ಲ. ಎರಡು ವಾರದಿಂದ ಬಟ್ಟೆ ಬದಲಾಯಿಸುತ್ತಲೇ ಗದ್ದೆಗಿಳಿದು ನಾಟಿ ಮಾಡಿದವಳು ಅರ್ಧ ದಿನದ ಕೂಲಿ ಬಿಟ್ಟು ನಿಮ್ಮ ಮುಂದೆ ಕೂತಿದ್ದಾಳೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಅಂಥ ಮೈಯಿಂದ ಮತ್ತಷ್ಟು ರಕ್ತ ಹೋಗುವುದು ಮಾಮೂಲಿಯಾಗುವುದು ಹೇಗೆ? ಹಿಮೋಗ್ಲೋಬಿನ್ ನೋಡಿ. ಬಸಿರೇ, ಸೋಂಕೇ, ಗಡ್ಡೆಯೇ, ಗರ್ಭಕೋಶದ ಕೊರಳಲ್ಲೇನಾದರೂ ಇದೆಯೇ ಎಂದು ಪರೀಕ್ಷಿಸಿ. ಮದ್ದಿನ ಮೇಲೆ ತಪ್ಪು ಹೊರಿಸಿ ಕ್ಯಾನ್ಸರನ್ನು ಕಾಣದೆ ಬಿಟ್ಟರೆ ಆ ಹೊಣೆ ಯಾರದು?

ಬೇರೆ ಕಾರಣವಿಲ್ಲವೆಂದಾದರೆ ದಾರಿಗಳಿವೆ, ದುಬಾರಿಯೂ ಅಲ್ಲ. ಐದು ದಿನದ ಮೆಫೆನಾಮಿಕ್ ಆಸಿಡ್ ಮಾತ್ರೆಯಿಂದ ಎಷ್ಟೋ ಜನರಿಗೆ ಸ್ರಾವ ಹಿಡಿತಕ್ಕೆ ಬರುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಇದೆ. ಬಿ.ಪಿ., ರಕ್ತ ಹೆಪ್ಪುಗಟ್ಟುವ ತೊಂದರೆ, ಕಣ್ಣಿಗೆ ಮಿಂಚು ಹೊಡೆದಂತಾಗುವ ಮೈಗ್ರೇನ್ ಇಲ್ಲದವಳಿಗೆ, ಎಳೆಗೂಸಿಗೆ ಹಾಲೂಡಿಸದವಳಿಗೆ, ಕೆಲವು ವಾರ ಈಸ್ಟ್ರೋಜನ್ ಇರುವ ಮಾತ್ರೆ ಕೊಡಬಹುದು. ಜೊತೆಗೆ ಕಬ್ಬಿಣದ ಮಾತ್ರೆ. ಇಷ್ಟಾದರೂ ಅವಳು “ಚುಚ್ಚುಮದ್ದು ಬೇಡ” ಎಂದರೆ, ಆ ಬೇಡಕ್ಕೆ ಬೆಲೆ ಕೊಡಿ. ಹಾರ್ಮೋನಿಲ್ಲದ ಗರ್ಭನಿರೋಧಕ ‘ಛಾಯಾ’ ಗುಳಿಗೆಯ ಬಗ್ಗೆ ತಿಳಿಸಿ. ನಿತ್ಯ ಗರ್ಭನಿರೋಧಕ ಮಾತ್ರೆ ನುಂಗುವವಳಿಗೆ ನಡುನಡುವೆ ರಕ್ತ ಕಂಡರೆ ಮಾತ್ರೆ ತಪ್ಪಿತೇ, ಟಿ.ಬಿ.ಗೆ ರಿಫಾಂಪಿಸಿನ್ ನಡೆಯುತ್ತಿದೆಯೇ ಎಂದು ಕೇಳಿ. ಆ ಔಷಧಿ ಮಾತ್ರೆಯ ಬಲ ಕುಗ್ಗಿಸುತ್ತದೆ.

ನೀವು ಕೇಳದೆ ಕಳಿಸಿದವಳು ಇನ್ನೆಲ್ಲೋ ಹೋಗುತ್ತಾಳೆ. ಅಲ್ಲಿ “ಗರ್ಭಕೋಶ ತೆಗೆಸಿಬಿಡು” ಎನ್ನುವವರು ಕಾದಿದ್ದಾರೆ. ಕಲಬುರಗಿಯ ತಾಂಡಾಗಳಿಂದ ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದ ಹರೆಯದ ಲಂಬಾಣಿ ಹೆಣ್ಣುಮಕ್ಕಳು ಗರ್ಭಕೋಶ ಕಳೆದುಕೊಂಡು ಬಂದದ್ದನ್ನು ಈ ನಾಡು ನೋಡಿದೆ. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಸುಪ್ರೀಂ ಕೋರ್ಟೇ 2023ರಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ನಾಚಿಕೆಯಾಗಬೇಕಾದ್ದು ನಮಗೆ, ಮುಟ್ಟಾದವಳಿಗಲ್ಲ.

ಆಶಾ ಅಕ್ಕಂದಿರೇ, ಚುಚ್ಚುಮದ್ದು ಹಾಕಿಸಿಕೊಂಡವಳ ಮನೆಗೆ ಮುಂದಿನ ಡೋಸಿನ ತಾರೀಖು ಹೇಳಲಷ್ಟೇ ಹೋಗಬೇಡಿ, ಎಷ್ಟು ದಿನದಿಂದ ಹೋಗುತ್ತಿದೆ ಎಂದು ಕೇಳಿ. ಗಂಡಂದಿರೇ, ಅತ್ತೆಯರೇ, ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ತಲೆಸುತ್ತಿ ಕಣ್ಣು ಕತ್ತಲೆ ಬಂದರೆ, ಬೆಳಗಾಗಲಿ ಎನ್ನಬೇಡಿ. ಆಗಲೇ 108ಕ್ಕೆ ಫೋನ್ ಮಾಡಿ.