28 ದಿನಗಳ ಪಾಠಕ್ಕೂ ಅಂಕ ಬೇಕು

ರೀಚಾರ್ಜ್ ಸೆಲ್ ಚಾರ್ಜನ್ನು ಎಷ್ಟು ಕಾಲ ಉಳಿಸಿಕೊಳ್ಳುತ್ತದೆ ಎಂಬ ಪ್ರಯೋಗವನ್ನು ಒಂದೇ ಪೀರಿಯಡ್‌ನಲ್ಲಿ ಮುಗಿಸುವ ಪಾಠಯೋಜನೆಗೆ ನನ್ನ ಒಪ್ಪಿಗೆಯಿಲ್ಲ. ಮಲ್ಟಿಮೀಟರ್ 1.25 ವೋಲ್ಟ್ ತೋರಿಸಿತು, ಆದ್ದರಿಂದ ಚಾರ್ಜ್ ಚೆನ್ನಾಗಿದೆ ಎಂದು ಬರೆಸುವುದು ಅವಸರದ ತೀರ್ಮಾನ. ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ನ ವಿಭವಾಂತರ ಬಹುಪಾಲು ಬರಿದಾಗುವವರೆಗೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳಿದ ಚಾರ್ಜ್ ತಿಳಿಯಲು ಸೆಲ್ಲನ್ನು ಬರಿದು ಮಾಡಿಯೇ ನೋಡಬೇಕು.

ಐಇಸಿ ಮಾನಕದ ಪ್ರಕಾರ ಪೂರ್ತಿ ಚಾರ್ಜಾದ ಸೆಲ್ಲನ್ನು 28 ದಿನ ಸುಮ್ಮನೆ ಇಟ್ಟು, ಆಮೇಲೆ 1 ವೋಲ್ಟ್‌ಗೆ ಇಳಿಯುವವರೆಗಿನ ಸಮಯ ಅಳೆಯಬೇಕು. ಯಲಹಂಕ, ಹೆಬ್ಬಾಳದ ಶಾಲೆಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಎರಡನೇ ವರ್ಷ 16 ವಾರಗಳ ಇಂಟರ್ನ್‌ಶಿಪ್ ಇದೆಯಲ್ಲ! 800 ಎಂಎಎಚ್‌ನ ಒಂದು ಸೆಲ್, ಚಾರ್ಜರ್, ಮಲ್ಟಿಮೀಟರ್, 1 ವ್ಯಾಟ್‌ನ 2.2 ಓಮ್ ರೋಧಕ, ಗೋಡೆ ಗಡಿಯಾರ ಸಾಕು. ಚಾರ್ಜ್ ಮಾಡಿದ ದಿನವೇ ಬಳಸಿದರೆ ಅದು ಸುಮಾರು ಒಂದೂವರೆ ಗಂಟೆ ನಡೆಯುತ್ತದೆ. ಮತ್ತೆ ಚಾರ್ಜ್ ಮಾಡಿ ಬೀರುವಿನಲ್ಲಿಡಿ (ಬಿಸಿಲು ಬೀಳುವ ಕಿಟಕಿಯಲ್ಲಿ ಬೇಡ, ಶಾಖಕ್ಕೆ ಚಾರ್ಜ್ ಬೇಗ ಸೋರುತ್ತದೆ). ನಾಲ್ಕು ವಾರದ ಮೇಲೆ ಎಷ್ಟು ನಿಮಿಷ ನಡೆದೀತು ಎಂದು ಮಕ್ಕಳು ಊಹಿಸಿ ಬರೆದಿಡಲಿ.

ತೊಡಕಿರುವುದು ನಮ್ಮ ಅವಲೋಕನ ಪತ್ರದಲ್ಲಿ. ಗಂಟೆ ಹೊಡೆಯುವುದರೊಳಗೆ ಫಲಿತಾಂಶ ಬರದಿದ್ದರೆ ಪ್ರಶಿಕ್ಷಣಾರ್ಥಿಗೆ ಅಂಕ ಕಡಿತ. ಅರ್ಧ ಪ್ರಯೋಗ ನೋಡಿದ ಮೇಲ್ವಿಚಾರಕರು ಅಂಕ ಕಡಿಯದೆ, ಉಳಿದರ್ಧ ನೋಡಲು ಐದನೇ ವಾರ ಮತ್ತೆ ಅದೇ ತರಗತಿಗೆ ಬರುವಂತಾಗಬೇಕು.